ಬಾವಿಯ ನೀರಿನಿಂದ ಭೂಗರ್ಭದ ಅದಿರಿನ ಸುಳಿವು

ಒಂದೇ ಊರಿನ ಎರಡು ಬಾವಿಗಳ ನೀರು ಒಂದೇ ಬಗೆಯಾಗಿರುವುದಿಲ್ಲವೆಂಬುದು ರೈತರಿಗೆ ಹೊಸ ಸಂಗತಿಯೇನಲ್ಲ. ಒಂದು ಬಾವಿಯ ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುತ್ತದೆ. ನೂರು ಗಜ ಆಚೆಯ ಬಾವಿಯ ನೀರಿನಲ್ಲಿ ಎಷ್ಟು ಹೊತ್ತು ಕುದಿಸಿದರೂ ಬೇಳೆ ಮೆತ್ತಗಾಗುವುದಿಲ್ಲ. ಒಂದರಲ್ಲಿ ಸಾಬೂನು ಚೆನ್ನಾಗಿ ನೊರೆ ಕೊಡುತ್ತದೆ, ಇನ್ನೊಂದರಲ್ಲಿ ಹಂಡೆಯ ಒಳಗೆ ಬಿಳಿಯ ಪದರು ಕಟ್ಟುತ್ತದೆ. ಹೊಸ ಕೊಳವೆ ಬಾವಿಯಿಂದ ತಿಳಿಯಾಗಿ ಬಂದ ನೀರು ತೊಟ್ಟಿಯಲ್ಲಿ ನಿಂತ ಕೂಡಲೆ ಕೆಂಪಗಾಗುವುದನ್ನೂ ಅನೇಕರು ನೋಡಿದ್ದಾರೆ. ಆಕಾಶದಿಂದ ಬೀಳುವ ನೀರು ಒಂದೇ ಬಣ್ಣ, ಒಂದೇ ರುಚಿಯದಾದರೂ ನೆಲದ ಗುಣಕ್ಕೆ ತಕ್ಕಂತೆ ಬೇರೆ ಬೇರೆ ರುಚಿ ಪಡೆಯುತ್ತದೆಂಬ ಮಾತು 6ನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿಯೇ ಇದೆ. ಅಂತರ್ಜಲವನ್ನು ಪತ್ತೆ ಮಾಡುವ ಬಗೆಯನ್ನು ಹೇಳುವ ಅಧ್ಯಾಯದಲ್ಲಿ ಈ ವಿಷಯ ಬಂದಿದೆ.

ನೆಲದಿಂದ ನೀರಿಗೆ ಗುಣ ಬರುವುದಾದರೆ, ನೀರಿನ ಗುಣದಿಂದ ನೆಲದೊಳಗೆ ಏನಿದೆಯೆಂದು ತಿಳಿಯಬಹುದಲ್ಲವೆ? ಯೂರೋಪಿನಲ್ಲಿ ಗಣಿ ವಿದ್ಯೆಯ ಬಗ್ಗೆ ಜಾರ್ಜಿಯಸ್ ಅಗ್ರಿಕೋಲ ಬರೆದು 1556ರಲ್ಲಿ ಪ್ರಕಟವಾದ ಗ್ರಂಥದಲ್ಲಿ, ಚಿಲುಮೆಗಳ ನೀರನ್ನು ನೋಡಿ ಅದಿರಿನ ಜಾಡು ಹಿಡಿಯುವ ಪ್ರಸ್ತಾಪವಿದೆ. ಅಂದು ನಾಲಿಗೆಯೇ ಪರೀಕ್ಷಾ ಯಂತ್ರವಾಗಿತ್ತು. ಇಂದು ಅದೇ ತತ್ವದ ಮೇಲೆ, ಸೂಕ್ಷ್ಮ ಯಂತ್ರಗಳ ನೆರವಿನಿಂದ, ಮಣ್ಣಿನ ಅಡಿಯಲ್ಲಿ ಹುದುಗಿರುವ ಚಿನ್ನ, ತಾಮ್ರ, ನಿಕ್ಕಲ್, ಯುರೇನಿಯಂ ಮುಂತಾದ ನಿಕ್ಷೇಪಗಳನ್ನು ಹುಡುಕಲಾಗುತ್ತಿದೆ. ಈ ಕೆಲಸಕ್ಕೆ ಬೇಕಾಗುವ ನೀರು ಬಹುಪಾಲು ರೈತರ ಬಾವಿಗಳದೇ. ಆದ್ದರಿಂದ ಇದು ಗಣಿ ಇಲಾಖೆಯವರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಅದಿರಿನ ಸುಳಿವು ಕೊಡುವ ಅದೇ ಧಾತುಗಳು ಕುಡಿಯುವ ನೀರಿನಲ್ಲಿ ವಿಷವೂ ಆಗಬಲ್ಲವು.

ಅದಿರು ನೀರಿಗೆ ಇಳಿಯುವ ಬಗೆ

ಮಳೆಯ ನೀರು ಮಣ್ಣಿನೊಳಗೆ ಇಳಿಯುವಾಗ ಬೇರುಗಳು ಮತ್ತು ಸೂಕ್ಷ್ಮಜೀವಿಗಳು ಉಸಿರಾಡಿ ಬಿಟ್ಟ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಈ ದುರ್ಬಲ ಆಮ್ಲವೇ ಕಲ್ಲನ್ನು ನಿಧಾನವಾಗಿ ಕರಗಿಸುವುದು. ಸುಣ್ಣಕಲ್ಲಿನಿಂದ ಕ್ಯಾಲ್ಸಿಯಂ, ಕಣಶಿಲೆಯಿಂದ ಸೋಡಿಯಂ, ಪೊಟ್ಯಾಷಿಯಂ, ಕೆಲವೆಡೆ ಫ್ಲೋರೈಡ್ ನೀರಿಗೆ ಬರುತ್ತವೆ. ಇಲ್ಲಿಯವರೆಗೆ ಇದು ಎಲ್ಲ ಬಾವಿಗಳಲ್ಲಿಯೂ ನಡೆಯುವ ಸಾಮಾನ್ಯ ಕ್ರಿಯೆ.

ತಾಮ್ರ, ಸತು, ಸೀಸ, ನಿಕ್ಕಲ್‌ಗಳ ಮುಖ್ಯ ಅದಿರುಗಳಲ್ಲಿ ಬಹಳಷ್ಟು ಗಂಧಕದೊಡನೆ ಕೂಡಿದ ಸಲ್ಫೈಡುಗಳು. ಚಿನ್ನವೂ ಅನೇಕ ಕಡೆ ಇಂಥ ಸಲ್ಫೈಡುಗಳ ಜೊತೆಯಲ್ಲಿಯೇ ಇರುತ್ತದೆ. ಇವುಗಳ ಸಂಗಡ ಹಿತ್ತಾಳೆಯಂತೆ ಹೊಳೆಯುವ ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕದ ಖನಿಜ, ಹೇರಳವಾಗಿ ಕಾಣುತ್ತದೆ. ಗಾಳಿಯ ಆಮ್ಲಜನಕವನ್ನು ಹೊತ್ತ ನೀರು ಪೈರೈಟನ್ನು ಮುಟ್ಟಿದರೆ ಅದು ಕೊಳೆತು ಕಬ್ಬಿಣದ ತುಕ್ಕೂ ಗಂಧಕಾಮ್ಲವೂ ಆಗುತ್ತವೆ. ಗಂಧಕಾಮ್ಲವು ಪಕ್ಕದ ಅದಿರನ್ನೂ ಕರಗಿಸುತ್ತದೆ. ಹೀಗೆ ಅದಿರಿನ ಗಡ್ಡೆಯ ಸುತ್ತಲಿನ ನೀರಿನಲ್ಲಿ ಸಲ್ಫೇಟ್ ಹೆಚ್ಚಾಗಿ, ರಸಸಾರ ತಗ್ಗಿ, ಲೋಹಗಳು ಸೇರುತ್ತವೆ. ಸುತ್ತ ಸುಣ್ಣದ ಕಲ್ಲಿದ್ದರೆ ಆಮ್ಲ ಅಲ್ಲಿಯೇ ಶಮನವಾಗಿ ರಸಸಾರ ಮತ್ತೆ ಏರುತ್ತದೆ, ನೀರು ಗಡಸಾಗುತ್ತದೆ. ಆದರೆ ಸಲ್ಫೇಟ್ ಮಾತ್ರ ಉಳಿದುಕೊಳ್ಳುತ್ತದೆ.

ಅಂತರ್ಜಲ ನಿಂತ ನೀರಲ್ಲ. ಎತ್ತರದಿಂದ ತಗ್ಗಿಗೆ, ದಿನಕ್ಕೆ ಕೆಲವು ಅಂಗುಲವೋ ಅದಕ್ಕಿಂತ ಕಡಿಮೆಯೋ, ಜರುಗುತ್ತಲೇ ಇರುತ್ತದೆ. ಅದರೊಡನೆ ಕರಗಿದ ಧಾತುಗಳೂ ಸಾಗಿ ಅದಿರಿನಿಂದ ಕೆಳಗಡೆಗೆ ಒಂದು ಉದ್ದನೆಯ ಬಾಲದಂತೆ ಹರಡುತ್ತವೆ. ಈ ವಿಧಾನದ ಬಲವಿರುವುದು ಇಲ್ಲಿಯೇ. ಅದಿರಿನ ಗಡ್ಡೆ ಒಂದೆರಡು ಎಕರೆಯಷ್ಟೇ ಇರಬಹುದು. ಅದನ್ನು ಕುರುಡಾಗಿ ಕೊರೆದು ಹುಡುಕುವುದೆಂದರೆ ಹುಲ್ಲಿನ ಬಣವೆಯಲ್ಲಿ ಮೂಗುತಿ ಹುಡುಕಿದ ಹಾಗೆ. ಅದರ ನೀರಿನ ಬಾಲ ಮಾತ್ರ ಅದಕ್ಕಿಂತ ಎಷ್ಟೋ ದೊಡ್ಡದಾಗಿರುತ್ತದೆ. ಆ ಹಾದಿಯಲ್ಲಿ ಒಂದು ಬಾವಿಯಿದ್ದರೂ ಜಾಡು ಸಿಗುವ ಸಂಭವವುಂಟು.

ಎಲ್ಲ ಧಾತುಗಳೂ ಒಂದೇ ದೂರ ಹೋಗುವುದಿಲ್ಲ. ಕಬ್ಬಿಣವು ಗಾಳಿ ಸೋಕಿದ ಕೂಡಲೆ ತುಕ್ಕಾಗಿ ಕೆಳಗೆ ಕೂರುತ್ತದೆ. ಕೊಳವೆ ಬಾವಿಯ ನೀರು ತೊಟ್ಟಿಯಲ್ಲಿ ಕೆಂಪಾಗುವುದು ಈ ಕಾರಣದಿಂದಲೇ. ಸೀಸ ಬಹಳ ಸೋಮಾರಿ, ಹುಟ್ಟಿದ ಸ್ಥಳ ಬಿಟ್ಟು ಕದಲುವುದು ಅಪರೂಪ. ತಾಮ್ರವು ನೀರಿನ ಹುಳಿ ಕಡಿಮೆಯಾದೊಡನೆ ಜೇಡಿಮಣ್ಣಿಗೂ ಕಬ್ಬಿಣದ ತುಕ್ಕಿಗೂ ಅಂಟಿಕೊಳ್ಳುತ್ತದೆ. ಸತು ಇನ್ನೂ ಸ್ವಲ್ಪ ಮುಂದೆ ಸಾಗುತ್ತದೆ. ಸಲ್ಫೇಟ್, ಮಾಲಿಬ್ಡಿನಂ, ಸೆಲೆನಿಯಂ, ಆರ್ಸೆನಿಕ್, ಯುರೇನಿಯಂ ಇವು ತಕ್ಕ ಪರಿಸ್ಥಿತಿಯಲ್ಲಿ ಬಹುದೂರ ಪ್ರಯಾಣ ಮಾಡುತ್ತವೆ. ಹೀಗಾಗಿ ತಾಮ್ರವನ್ನು ಹುಡುಕುವವರು ನೀರಿನಲ್ಲಿ ತಾಮ್ರವನ್ನೇ ಹುಡುಕುತ್ತ ಕೂರುವುದಿಲ್ಲ. ತಾಮ್ರದ ನೆಂಟರನ್ನು ಹುಡುಕುತ್ತಾರೆ. ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿ ಗರಸು ಮಣ್ಣಿನ ದಪ್ಪ ಪದರಿನ ಅಡಿಯಲ್ಲಿರುವ ಸ್ಪೆನ್ಸ್ ತಾಮ್ರ ನಿಕ್ಷೇಪದ ಸುತ್ತಲಿನ ನೀರನ್ನು ಪರೀಕ್ಷಿಸಿದಾಗ ಇದು ಸ್ಪಷ್ಟವಾಗಿ ಕಂಡಿತು. ತಾಮ್ರವು ನಿಕ್ಷೇಪದ ಬಳಿಯೇ ಉಳಿದಿತ್ತು. ಸೆಲೆನಿಯಂ, ರೀನಿಯಂ, ಮಾಲಿಬ್ಡಿನಂ, ಆರ್ಸೆನಿಕ್‌ಗಳು ಅದನ್ನು ಹಿಂದೆ ಬಿಟ್ಟು ದೂರ ಸಾಗಿದ್ದವು. ಈ ಕುರಿತ ವರದಿ 2008ರಲ್ಲಿ ಪ್ರಕಟವಾಗಿದೆ.

ಉಪ್ಪು ನೀರಿಗೆಲ್ಲ ಅದಿರು ಕಾರಣವಲ್ಲ

ಬಾವಿಯ ನೀರು ಸವುಳಾದರೆ ಅಡಿಯಲ್ಲಿ ಏನೋ ಇದೆಯೆಂದು ಭಾವಿಸುವುದು ತಪ್ಪು. ಕಡಿಮೆ ಮಳೆ ಬೀಳುವ ಬಯಲುಸೀಮೆಯಲ್ಲಿ ನೀರು ಆವಿಯಾಗಿ ಹೋಗಿ ಉಪ್ಪು ಹಿಂದೆ ಉಳಿಯುವುದರಿಂದಲೇ ಬಹಳಷ್ಟು ಬಾವಿಗಳು ಸವುಳಾಗುತ್ತವೆ. ಇದನ್ನು ಬೇರ್ಪಡಿಸಿ ನೋಡಲು ತಜ್ಞರು ಕ್ಲೋರೈಡನ್ನು ಅಳತೆಗೋಲಾಗಿ ಇಟ್ಟುಕೊಳ್ಳುತ್ತಾರೆ. ಕ್ಲೋರೈಡ್ ಬಹುಮಟ್ಟಿಗೆ ಮಳೆಯಿಂದ ಬರುವಂಥದು, ಕಲ್ಲಿನೊಡನೆ ಸುಲಭವಾಗಿ ಬೆರೆಯುವುದಿಲ್ಲ. ನೀರು ಆವಿಯಾದಾಗ ಕ್ಲೋರೈಡ್ ಎಷ್ಟು ಪಟ್ಟು ಏರುವುದೋ ಸಲ್ಫೇಟ್ ಕೂಡ ಅಷ್ಟೇ ಪಟ್ಟು ಏರಬೇಕು.

ಒಂದು ಉದಾಹರಣೆಯಿಂದ ಇದು ತಿಳಿದೀತು. ಮೂರು ಬಾವಿಗಳಿವೆಯೆಂದು ಇಟ್ಟುಕೊಳ್ಳೋಣ. ಮೊದಲನೆಯದರಲ್ಲಿ ಲೀಟರಿಗೆ ಕ್ಲೋರೈಡ್ 50 ಮಿ.ಗ್ರಾಂ, ಸಲ್ಫೇಟ್ 10 ಮಿ.ಗ್ರಾಂ. ಎರಡನೆಯದರಲ್ಲಿ ಕ್ಲೋರೈಡ್ 500, ಸಲ್ಫೇಟ್ 100. ಮೂರನೆಯದರಲ್ಲಿ ಕ್ಲೋರೈಡ್ 60, ಸಲ್ಫೇಟ್ 180. ನಾಲಿಗೆಗೆ ಎರಡನೆಯ ಬಾವಿಯೇ ಕೆಟ್ಟದ್ದು. ಆದರೆ ಮೊದಲಿನ ಎರಡರಲ್ಲಿಯೂ ಸಲ್ಫೇಟ್ ಕ್ಲೋರೈಡಿನ ಐದನೆಯ ಒಂದು ಪಾಲಿದೆ. ಎರಡನೆಯದು ಮೊದಲನೆಯದೇ ನೀರು ಹತ್ತು ಪಟ್ಟು ಬತ್ತಿ ಉಳಿದಂತೆ. ಮೂರನೆಯ ಬಾವಿ ರುಚಿಗೆ ಸಪ್ಪೆಯಾದರೂ ಅದರಲ್ಲಿ ಸಲ್ಫೇಟ್ ಕ್ಲೋರೈಡಿನ ಮೂರು ಪಟ್ಟಿದೆ. ಎಲ್ಲಿಂದಲೋ ಸಲ್ಫೇಟ್ ಹೊಸದಾಗಿ ಬಂದು ಸೇರಿದೆ. ಭೂವಿಜ್ಞಾನಿ ನಿಲ್ಲುವುದು ಈ ಮೂರನೆಯ ಬಾವಿಯ ಬಳಿ. ಹೋಲಿಕೆಗೆ ಹೇಳುವುದಾದರೆ ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 19 ಗ್ರಾಂ ಕ್ಲೋರೈಡ್, 2.7 ಗ್ರಾಂ ಸಲ್ಫೇಟ್ ಇರುತ್ತದೆ. ಅಂದರೆ ಏಳನೆಯ ಒಂದು ಪಾಲು.

ಹೀಗೆ ಬಂದ ಸಲ್ಫೇಟ್ ಅದಿರಿನದೇ ಆಗಬೇಕೆಂದಿಲ್ಲ. ರೈತನೇ ಹಾಕಿದ ಜಿಪ್ಸಂ ಆಗಿರಬಹುದು! ಕಡಲೆಕಾಯಿಗೆ, ಕರಲು ಭೂಮಿಯ ಸುಧಾರಣೆಗೆ ಹಾಕುವ ಜಿಪ್ಸಂ ಕ್ಯಾಲ್ಸಿಯಂ ಸಲ್ಫೇಟೇ ತಾನೆ. ಭತ್ತದ ಗದ್ದೆಗೆ ಹಾಕಿದ ಸತುವಿನ ಸಲ್ಫೇಟ್ ನೀರಿಗೆ ಇಳಿದರೆ ಸತುವಿನ ಅದಿರು ಇದ್ದಂತೆ ತೋರೀತು. ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊಳೆ ರೋಗಕ್ಕೆ ವರ್ಷವರ್ಷವೂ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸುವುದರಿಂದ ಮಣ್ಣಿನಲ್ಲಿ ತಾಮ್ರ ಕೂಡಿಕೊಳ್ಳುತ್ತದೆ. ಶಿಲಾರಂಜಕದಿಂದ ತಯಾರಾದ ಗೊಬ್ಬರಗಳಲ್ಲಿ ಅತ್ಯಲ್ಪ ಪ್ರಮಾಣದ ಯುರೇನಿಯಂ ಕೂಡ ಇರುತ್ತದೆ. ಇವೆಲ್ಲ ಸಾಲದೆಂಬಂತೆ ಸತು ಲೇಪಿಸಿದ ಕಬ್ಬಿಣದ ಕೊಳವೆ ನೀರಿಗೆ ಸತು ಬಿಡುತ್ತದೆ, ಪಂಪಿನ ಹಿತ್ತಾಳೆ ಭಾಗಗಳು ತಾಮ್ರ ಬಿಡುತ್ತವೆ. ಸ್ಥಳೀಯ ಬೇಸಾಯ ತಿಳಿಯದವರು ತಯಾರಿಸಿದ ನಕ್ಷೆಯಲ್ಲಿ ಕೊಳವೆಯ ಸತುವೇ ಗಣಿಯಾಗಿ ಕಾಣುವ ಅಪಾಯವಿದೆ. ಈ ಕೆಲಸದಲ್ಲಿ ರೈತನ ಮತ್ತು ವಿಸ್ತರಣಾ ಕಾರ್ಯಕರ್ತನ ಹೇಳಿಕೆಗೆ ಪ್ರಯೋಗಶಾಲೆಯ ಅಂಕಿಯಷ್ಟೇ ಬೆಲೆಯಿರುವುದು ಇದರಿಂದಲೇ.

ಆಸ್ಟ್ರೇಲಿಯದ ದನದ ಬಾವಿಗಳು

ಈ ವಿಧಾನವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿ ನೋಡಿದ ಪ್ರದೇಶಗಳಲ್ಲಿ ಪಶ್ಚಿಮ ಆಸ್ಟ್ರೇಲಿಯದ ಯಿಲ್ಗಾರ್ನ್ ಪ್ರಮುಖವಾದುದು. ಅಲ್ಲಿಯ ಶಿಲೆಗಳು ನಮ್ಮ ಕೋಲಾರ, ಹಟ್ಟಿಯ ಚಿನ್ನದ ಶಿಲೆಗಳಂತೆಯೇ 250 ಕೋಟಿ ವರ್ಷಗಳಿಗೂ ಹಳೆಯವು. ಹಸಿರು ಶಿಲೆಗಳ ಪಟ್ಟಿಗಳಲ್ಲಿ ಚಿನ್ನ ಸಿಗುವುದೂ ನಮ್ಮಲ್ಲಿಯಂತೆಯೇ. ಆದರೆ ನೆಲದ ಮೇಲೆ ಬರಿಗಣ್ಣಿಗೆ ಕಾಣುವ ಶಿಲೆ ಕಡಿಮೆ. ಕೋಟ್ಯಂತರ ವರ್ಷ ಕೊಳೆತು ಉಳಿದ ಜೇಡಿ, ಮರಳು, ಸುಣ್ಣದ ಗರಸು ಎಲ್ಲವನ್ನೂ ಮುಚ್ಚಿವೆ. ಕಣ್ಣಿಗೆ ಬಿದ್ದ ಚಿನ್ನವನ್ನು 1890ರ ದಶಕದಿಂದಲೇ ತೆಗೆಯಲಾಗಿದೆ. ಉಳಿದದ್ದು ಹೊದಿಕೆಯ ಅಡಿಯಲ್ಲಿದೆ.

ಅಂಥ ಬರಡು ಸೀಮೆಯಲ್ಲಿ ಕುರಿ, ದನಗಳನ್ನು ಮೇಯಿಸುವ ವಿಸ್ತಾರವಾದ ಗೋಮಾಳಗಳಿವೆ. ಒಂದೊಂದರ ವಿಸ್ತೀರ್ಣ ನಮ್ಮ ಒಂದು ತಾಲ್ಲೂಕನ್ನು ಮೀರುವುದೂ ಉಂಟು. ದನಗಳಿಗೆ ನೀರುಣಿಸಲು ಅಲ್ಲಲ್ಲಿ ಗಾಳಿಯಂತ್ರ ಕಟ್ಟಿದ ಬಾವಿಗಳು, ಈಚೆಗೆ ಸೌರಶಕ್ತಿಯ ಪಂಪುಗಳು ಇವೆ. ಆ ದೇಶದ ವೈಜ್ಞಾನಿಕ ಸಂಶೋಧನಾ ಸಂಸ್ಥೆಯಾದ ಸಿ.ಎಸ್.ಐ.ಆರ್.ಓ. ವಿಜ್ಞಾನಿಗಳು ಹೊಸ ಬಾವಿ ಕೊರೆಯುವ ಬದಲು ಈ ಬಾವಿಗಳ ನೀರನ್ನೇ ತುಂಬಿಸಿಕೊಂಡು ಬಂದರು. ಡೇವಿಡ್ ಗ್ರೇ ಮತ್ತು ಸಂಗಡಿಗರು ತಯಾರಿಸಿದ ಈಶಾನ್ಯ ಯಿಲ್ಗಾರ್ನಿನ ಅಂತರ್ಜಲ ರಸಾಯನ ನಕ್ಷೆಯ ವರದಿ 2009ರಲ್ಲಿ ಪ್ರಕಟವಾಯಿತು. ಬಾವಿಗೂ ಬಾವಿಗೂ ಹಲವಾರು ಕಿ.ಮೀ. ಅಂತರವಿದ್ದರೂ, ತಿಳಿದಿದ್ದ ಚಿನ್ನ, ನಿಕ್ಕಲ್, ಯುರೇನಿಯಂ ಪ್ರದೇಶಗಳ ಗುರುತು ನೀರಿನಲ್ಲಿ ಮೂಡಿ ಬಂದಿತು. ಒಂದು ಕೊರೆತಕ್ಕೆ ತಗಲುವ ಖರ್ಚಿನ ಮುಂದೆ ಒಂದು ಸೀಸೆ ನೀರಿನ ಪರೀಕ್ಷೆಯ ಖರ್ಚು ಏನೇನೂ ಅಲ್ಲ.

ಚಿನ್ನ ನೀರಿನಲ್ಲಿ ಕರಗುತ್ತದೆಯೆ ಎಂದು ಕೇಳಬಹುದು. ಅತ್ಯಲ್ಪವಾಗಿ ಕರಗುತ್ತದೆ. ಯಿಲ್ಗಾರ್ನಿನ ದಕ್ಷಿಣ ಭಾಗದ ಅಂತರ್ಜಲ ಅನೇಕ ಕಡೆ ಸಮುದ್ರಕ್ಕಿಂತ ಉಪ್ಪು, ಹುಳಿಯೂ ಹೌದು. ಅಂಥ ನೀರಿನಲ್ಲಿ ಚಿನ್ನ ಕ್ಲೋರೈಡಿನೊಡನೆ ಕೂಡಿ ಕರಗುತ್ತದೆ. ಉತ್ತರದ ಸಪ್ಪೆ ನೀರಿನಲ್ಲಿ ಅಳೆಯಬೇಕಾದ ಪ್ರಮಾಣ ಲೀಟರಿಗೆ ಕೆಲವು ನ್ಯಾನೋಗ್ರಾಂ. ನೂರು ಹೆಕ್ಟೇರಿನ ಕೆರೆಯಲ್ಲಿ ಸರಾಸರಿ ಒಂದು ಮೀಟರ್ ನೀರು ನಿಂತರೆ ಅದು ನೂರು ಕೋಟಿ ಲೀಟರ್. ಅಷ್ಟು ನೀರಿನಲ್ಲಿ ಒಂದೇ ಒಂದು ಗ್ರಾಂ ಚಿನ್ನ ಕರಗಿದ್ದರೆ ಅದು ಲೀಟರಿಗೆ 1 ನ್ಯಾನೋಗ್ರಾಂ. ಇಷ್ಟು ಸೂಕ್ಷ್ಮವಾದುದನ್ನು ಹಿಡಿಯಲು ಒಂದು ಲೀಟರ್ ನೀರಿಗೆ ಸಕ್ರಿಯ ಇಂಗಾಲದ ಪುಟ್ಟ ಚೀಲವನ್ನು ಹಾಕಿಡುತ್ತಾರೆ. ಚಿನ್ನ ಇಂಗಾಲಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಇಂಗಾಲವನ್ನು ಪರೀಕ್ಷಿಸಲಾಗುತ್ತದೆ. ಉಳಿದ ಧಾತುಗಳಿಗೆ 1983ರಲ್ಲಿ ಮಾರುಕಟ್ಟೆಗೆ ಬಂದ ಪ್ಲಾಸ್ಮಾ ದ್ರವ್ಯರಾಶಿ ಮಾಪಕ ಯಂತ್ರ ವರವಾಯಿತು. ಒಂದೇ ಮಾದರಿಯಲ್ಲಿ ಹತ್ತಾರು ಧಾತುಗಳನ್ನು ಅದು ಒಟ್ಟಿಗೆ ಅಳೆಯುತ್ತದೆ.

ಅದೇ ಯಿಲ್ಗಾರ್ನಿನ ಯೀಲಿರಿ ಎಂಬಲ್ಲಿ 1970ರ ದಶಕದ ಆದಿಯಲ್ಲಿ ಸಿಕ್ಕ ಯುರೇನಿಯಂ ನಿಕ್ಷೇಪದ ಕಥೆ ಸ್ವಾರಸ್ಯವಾದುದು. ಅಲ್ಲಿ ನೀರು ಅದಿರಿನ ಸುಳಿವು ಕೊಡುವುದಷ್ಟೇ ಅಲ್ಲ, ಅದಿರನ್ನು ಕಟ್ಟಿದ್ದೇ ನೀರು. ಸುತ್ತಲಿನ ಕಣಶಿಲೆಯಿಂದ ಯುರೇನಿಯಂ ಹೊತ್ತು ತಂದ ಅಂತರ್ಜಲವು ತಗ್ಗಿನ ಸುಣ್ಣದ ಗರಸಿನಲ್ಲಿ ಬತ್ತುತ್ತ ಬತ್ತುತ್ತ, ವೆನೇಡಿಯಂ ಮತ್ತು ಪೊಟ್ಯಾಷಿಯಂ ಸೇರಿದ ಹಳದಿ ಖನಿಜವಾಗಿ ಯುರೇನಿಯಮನ್ನು ಇಳಿಸಿದೆ.

ಮಾದರಿ ತೆಗೆಯುವ ಕ್ರಮ

ಭಾರತದಲ್ಲಿ ಪರಮಾಣು ಖನಿಜ ನಿರ್ದೇಶನಾಲಯವು ಯುರೇನಿಯಂ ಶೋಧನೆಗೆ ಬಾವಿ ನೀರಿನ ಪರೀಕ್ಷೆಯನ್ನು ಒಂದು ಸಾಧನವಾಗಿ ಬಳಸುತ್ತ ಬಂದಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯೂ ಭೂರಸಾಯನ ನಕ್ಷೆಗಳ ಕೆಲಸದಲ್ಲಿ ಮಣ್ಣು, ಹಳ್ಳದ ಮೆಕ್ಕಲುಗಳ ಜೊತೆ ನೀರಿನ ಮಾದರಿ ತೆಗೆದುಕೊಳ್ಳುತ್ತದೆ. ಇಂಥವರು ಊರಿಗೆ ಬಂದಾಗ ಹೊಲ ಕೈತಪ್ಪೀತೆಂದು ಕೆಲವರು ಹೆದರುವುದು ಸಹಜ. ಒಂದು ಸೀಸೆ ನೀರು ಕೊಟ್ಟ ಮಾತ್ರಕ್ಕೆ ಭೂಮಿಯ ಮೇಲೆ ಯಾರಿಗೂ ಯಾವ ಹಕ್ಕೂ ಹುಟ್ಟುವುದಿಲ್ಲ. ನೀರಿನಲ್ಲಿ ಕಂಡ ಸುಳಿವುಗಳಲ್ಲಿ ಬಹುಪಾಲು ಮುಂದಿನ ಪರೀಕ್ಷೆಯಲ್ಲಿ ಬಿದ್ದುಹೋಗುತ್ತವೆ. ಮಣ್ಣಿನ ಪರೀಕ್ಷೆ, ಭೂಭೌತ ಸಮೀಕ್ಷೆ, ಕೊರೆತ ಇವೆಲ್ಲ ಆದ ಮೇಲೂ ಗಣಿಯ ಮಟ್ಟ ಮುಟ್ಟುವುದು ಅತಿ ವಿರಳ. ಗಣಿ ಗುತ್ತಿಗೆಗೆ 1957ರ ಗಣಿ ಮತ್ತು ಖನಿಜ ಕಾಯಿದೆಯಂತೆ ಬೇರೆಯೇ ನಡಾವಳಿಯಿದೆ.

ಮಾದರಿ ಸರಿಯಾಗಿ ಬರಬೇಕಾದರೆ ಪಂಪನ್ನು ಸಾಕಷ್ಟು ಹೊತ್ತು ನಡೆಸಿ ಕೊಳವೆಯಲ್ಲಿ ನಿಂತ ಹಳೆಯ ನೀರನ್ನು ಹೊರಹಾಕಬೇಕು. ತೊಟ್ಟಿಯ ನೀರು ಕೆಲಸಕ್ಕೆ ಬಾರದು. ರಸಸಾರ, ಉಷ್ಣತೆ, ವಿದ್ಯುತ್ ವಾಹಕತೆಗಳನ್ನು ಬಾವಿಯ ಬಳಿಯಲ್ಲೇ ಅಳೆಯಬೇಕು; ಊರಿಂದ ಊರಿಗೆ ಒಯ್ಯುವಷ್ಟರಲ್ಲಿ ಅವು ಬದಲಾಗುತ್ತವೆ. ಲೋಹಗಳ ಪರೀಕ್ಷೆಗೆ ಇಟ್ಟ ನೀರನ್ನು ಅತಿ ಸೂಕ್ಷ್ಮ ಜಾಲರಿಯಲ್ಲಿ ಸೋಸಿ ಕೆಲವು ತೊಟ್ಟು ಶುದ್ಧ ನೈಟ್ರಿಕ್ ಆಮ್ಲ ಹಾಕುತ್ತಾರೆ. ಇಲ್ಲವಾದರೆ ಕಬ್ಬಿಣ ತುಕ್ಕಾಗಿ ಕೂತು ತನ್ನೊಡನೆ ಇತರ ಲೋಹಗಳನ್ನೂ ಎಳೆದುಕೊಂಡು ಸೀಸೆಯ ತಳ ಸೇರುತ್ತದೆ. ಬಾವಿಯ ಆಳ, ನೀರು ಸಿಕ್ಕ ಮಟ್ಟ, ಕೇಸಿಂಗ್ ಕಬ್ಬಿಣದ್ದೋ ಪಿ.ವಿ.ಸಿ.ಯದೋ, ಸುತ್ತಲಿನ ಹೊಲಕ್ಕೆ ಏನೇನು ಗೊಬ್ಬರ, ಔಷಧ ಹಾಕಲಾಗಿದೆ ಎಂಬುದನ್ನು ಕೇಳಿ ಬರೆದುಕೊಳ್ಳದ ಮಾದರಿಗೆ ಅರ್ಧ ಬೆಲೆಯೂ ಇಲ್ಲ. ಮಳೆಗಾಲದ ನಂತರ ತೆಗೆದ ನೀರನ್ನು ಬೇಸಿಗೆಯಲ್ಲಿ ತೆಗೆದ ನೀರಿನೊಡನೆ ಹಾಗೆಯೇ ಹೋಲಿಸುವುದೂ ಸರಿಯಲ್ಲ.

ಚಿನ್ನದ ನೆಂಟ, ಮನುಷ್ಯನ ಹಗೆ

ಚಿನ್ನದ ಜಾಡು ತೋರಿಸುವ ಧಾತುಗಳಲ್ಲಿ ಆರ್ಸೆನಿಕ್ ಮುಖ್ಯವಾದುದು. ನಮ್ಮ ಹಳಬರು ಪಾಷಾಣವೆಂದು ಕರೆಯುತ್ತಿದ್ದ ವಿಷ ಇದರದೇ ಸಂಯುಕ್ತ. ಚಿನ್ನದ ಶಿಲೆಗಳಲ್ಲಿ ಆರ್ಸೆನಿಕ್, ಕಬ್ಬಿಣ, ಗಂಧಕಗಳ ಖನಿಜವಾದ ಆರ್ಸೆನೋಪೈರೈಟ್ ಬಹಳ ಕಡೆ ಇರುತ್ತದೆ. ಭೂವಿಜ್ಞಾನಿಗೆ ಶುಭ ಸೂಚನೆಯಾದ ಈ ಧಾತು ಕುಡಿಯುವವರಿಗೆ ಯಾವ ರುಚಿಯನ್ನೂ ಬಣ್ಣವನ್ನೂ ತೋರದೆ ವರ್ಷಗಟ್ಟಲೆ ಮೈಯಲ್ಲಿ ಕೂಡಿಕೊಳ್ಳುತ್ತ ಹೋಗುತ್ತದೆ. ಅಂಗೈ ಅಂಗಾಲುಗಳಲ್ಲಿ ಗಟ್ಟಿ ಗಂಟುಗಳು, ಎದೆ ಬೆನ್ನಿನ ಮೇಲೆ ಕಪ್ಪು ಬಿಳಿ ಚುಕ್ಕೆಗಳು, ಮುಂದೆ ಕ್ಯಾನ್ಸರ್ ಕೂಡ ಬರಬಹುದು.

ಇದು ದೂರದ ಮಾತಲ್ಲ. ಯಾದಗಿರಿ ಜಿಲ್ಲೆಯ ಮಂಗಳೂರು ಎಂಬ ಗ್ರಾಮದ ಹೆಸರಿನಿಂದ ಕರೆಯಲಾಗುವ ಹಸಿರು ಶಿಲೆಯ ಪಟ್ಟಿಯಲ್ಲಿ ಹಿಂದೆ ಚಿನ್ನ ತೆಗೆಯುತ್ತಿದ್ದರು. ಆ ಪ್ರದೇಶದ ಕಿರದಳ್ಳಿ ತಾಂಡಾದ ಕೊಳವೆ ಬಾವಿಗಳಲ್ಲಿ ಆರ್ಸೆನಿಕ್ ಇರುವುದನ್ನೂ, ಅಲ್ಲಿಯ ಜನರಲ್ಲಿ ಆರ್ಸೆನಿಕ್‌ನಿಂದಾದ ಚರ್ಮದ ರೋಗವಿರುವುದನ್ನೂ ತಿಳಿಸುವ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಕುಡಿಯುವ ನೀರಿಗೆ ಆರ್ಸೆನಿಕ್ ಮಿತಿ ಲೀಟರಿಗೆ 0.01 ಮಿ.ಗ್ರಾಂ ಮಾತ್ರ. ಅಂದರೆ ಹತ್ತು ಸಾವಿರ ಲೀಟರಿನ ತೊಟ್ಟಿಗೆ ಹತ್ತನೆಯ ಒಂದು ಗ್ರಾಂ.

ಯುರೇನಿಯಂ ವಿಷಯದಲ್ಲಿ ಇನ್ನೊಂದು ಎಚ್ಚರ ಅಗತ್ಯ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಕೆಲವು ಆಳವಾದ ಕೊಳವೆ ಬಾವಿಗಳಲ್ಲಿ ಯುರೇನಿಯಂ, ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವ ಲೀಟರಿಗೆ 30 ಮೈಕ್ರೋಗ್ರಾಂ ಮಿತಿಯನ್ನು ಮೀರಿದೆ. ಅಲ್ಲಿ ಅದಿರಿನ ಗಡ್ಡೆಯಿದೆಯೆಂದು ಇದರ ಅರ್ಥವಲ್ಲ. ಸಾಧಾರಣ ಕಣಶಿಲೆಯಲ್ಲಿಯೇ ಸ್ವಲ್ಪ ಯುರೇನಿಯಂ ಇರುತ್ತದೆ. ಬೈಕಾರ್ಬೊನೇಟ್ ಹೆಚ್ಚಿರುವ ನೀರು ಸೀಳುಗಳಲ್ಲಿ ಬಹುಕಾಲ ನಿಂತು ಅದನ್ನು ಕರಗಿಸಿಕೊಳ್ಳುತ್ತದೆ. ಹಿಂದಿನ ತೆರೆದ ಬಾವಿಯ ನೀರು ಮೊನ್ನೆ ಮೊನ್ನೆ ಬಿದ್ದ ಮಳೆಯದು. ಸಾವಿರ ಅಡಿ ಕೊರೆದಾಗ ಬರುವ ನೀರು ಕಲ್ಲಿನ ಸಹವಾಸದಲ್ಲಿ ಎಷ್ಟೋ ಕಾಲ ಕಳೆದದ್ದು. ಫ್ಲೋರೈಡ್ ಹೆಚ್ಚುವುದೂ ಬಹುಮಟ್ಟಿಗೆ ಇದೇ ರೀತಿ.

ಆದ್ದರಿಂದ ಖನಿಜ ಶೋಧನೆಗಾಗಿ ಯಾರಾದರೂ ಬಾವಿಯ ನೀರು ಒಯ್ದರೆ ಬಾವಿಯ ಒಡೆಯರು ಪರೀಕ್ಷಾ ಫಲಿತಾಂಶದ ಒಂದು ಪ್ರತಿಯನ್ನು ಕೇಳಿ ಪಡೆಯುವುದು ಮೇಲು. ಸಾಮಾನ್ಯ ನೀರಿನ ಪರೀಕ್ಷೆಯಲ್ಲಿ ನೋಡದೆ ಬಿಡುವ ಆರ್ಸೆನಿಕ್, ಯುರೇನಿಯಂಗಳ ಅಂಕಿಗಳು ಅದರಲ್ಲಿರುತ್ತವೆ. ಹಳೆಯ ಚಿನ್ನದ ಗುಂಡಿಗಳು, ಅದಿರಿನ ಕಸದ ದಿಬ್ಬಗಳು ಇರುವ ಊರುಗಳಲ್ಲಿ ವಿಸ್ತರಣಾ ಕಾರ್ಯಕರ್ತರು ಕುಡಿಯುವ ನೀರಿನ ಬಾವಿಗಳ ಪಟ್ಟಿ ಮಾಡಿ, ಜಿಲ್ಲಾ ನೀರು ಪರೀಕ್ಷಾ ಪ್ರಯೋಗಶಾಲೆಗೆ ಕಳುಹಿಸುವಾಗ ಆರ್ಸೆನಿಕ್ ಪರೀಕ್ಷೆಯನ್ನು ಬಾಯಿಬಿಟ್ಟು ಕೇಳಬೇಕು. ಮಿತಿ ಮೀರಿದ ಬಾವಿಯ ನೀರನ್ನು ಕುಡಿಯುವುದಕ್ಕೂ ಅಡಿಗೆಗೂ ಬಳಸದೆ ಬೇರೆ ಸೆಲೆಯ ನೀರನ್ನೋ ಮಳೆಯ ನೀರನ್ನೋ ತರಬೇಕು. ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ಆರ್ಸೆನಿಕ್ ಆಗಲಿ ಯುರೇನಿಯಂ ಆಗಲಿ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅವು ಇನ್ನಷ್ಟು ಗಟ್ಟಿಯಾಗುತ್ತವೆ.